ಮಾವನ ಎಲೆ

ಲಿಸ್ಬನ್ನಿನ ಆ ಓಣಿಯ ತಿರುವಿನಲ್ಲಿ ಕೆಂಡದ ಮೇಲೆ ಬೂತಾಯಿ ಮೀನು ಸುಡುವ ವಾಸನೆ ಮೂಗಿಗೆ ಬಡಿದಾಗ ನನ್ನ ಕಾಲು ನಿಂತೇ ಹೋಯಿತು. ಬೆಳಿಗ್ಗೆಯಿಂದ ನಾನು ಮತ್ತು ನನ್ನ ಯಜಮಾನರು ಅವಸರವಿಲ್ಲದೆ ಊರು ಸುತ್ತುತ್ತಿದ್ದೆವು. ಕಿರುಗುಟ್ಟುತ್ತ ಗುಡ್ಡ ಹತ್ತುವ ಹಳದಿ ಟ್ರಾಮು, ಗೋಡೆಗೆಲ್ಲ ನೀಲಿ ಟೈಲ್ಸ್ ಅಂಟಿಸಿಕೊಂಡ ಮನೆಗಳು, ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುವ ಹಳೆಯ ಇಗರ್ಜಿ, ಎಲ್ಲ ನೋಡಿದೆವು. ನೋಡಿದೆವು ಎಂದರೆ ಅವರು ನೋಡಿದರು. ನಾನು ಬೆಂಚುಗಳ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಮುದುಕರ ಮುಖಗಳನ್ನೇ ನೋಡುತ್ತಿದ್ದೆ. "ನೀನು ಬಂದದ್ದು ಊರು ನೋಡ್ಲಿಕ್ಕಾ, ಜನ ನೋಡ್ಲಿಕ್ಕಾ ಮಾರಾಯ್ತಿ?" ಎಂದು ತಮಾಷೆ ಮಾಡಿದವರು ಮರುಕ್ಷಣವೇ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ನನ್ನ ಸೋದರಮಾವ ಕಾಣೆಯಾದದ್ದು ಈ ಊರಿನಲ್ಲೇ.

ಕಾಪುವಿನ ಕಡಲ ಬದಿಯಲ್ಲಿದ್ದ ಅಜ್ಜಿಮನೆಯಲ್ಲಿ ಮಳೆಗಾಲವೆಂದರೆ ಇದೇ ವಾಸನೆ. ದೋಣಿಗಳೆಲ್ಲ ದಡ ಸೇರಿ ತೆಂಗಿನ ಮಡಲಿನ ಚಪ್ಪರದಡಿ ಮಲಗಿದ ಮೇಲೆ ಹಸಿಮೀನು ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ಒಣಗಿಸಿಟ್ಟ ಬೂತಾಯಿಯನ್ನು ಅಜ್ಜಿ ಒಲೆಯ ಕೆಂಡಕ್ಕೆ ಹಾಕಿದರೆ ಸಾಕು, ಕರೆಯದಿದ್ದರೂ ನಾವು ಗಂಜಿಗೆ ಹಾಜರು. ಜಯಕರ ಮಾವ ಅಮ್ಮನ ಒಬ್ಬನೇ ತಮ್ಮ, ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದವರು. ರಜೆಯಲ್ಲಿ ಬಂದಾಗ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮೀನಿನ ನಡುಮುಳ್ಳನ್ನು ಇಡಿಯಾಗಿ ಎಳೆದು ತೆಗೆದು, ಮಾಂಸವನ್ನು ನನ್ನ ಬಟ್ಟಲಿಗೆ ಹಾಕಿ ತಾವು ತಲೆ ಚೀಪುತ್ತಿದ್ದರು. "ಲಿಸ್ಬನ್ನಲ್ಲಿ ಬೀದಿಯಲ್ಲೇ ಬೂತಾಯಿ ಸುಡ್ತಾರೆ, ಗೊತ್ತುಂಟಾ? ಆದ್ರೆ ನಿನ್ನ ಅಜ್ಜಿಯ ಕೈರುಚಿ ಎಂತ ಮಾಡಿದ್ರೂ ಬರುವುದಿಲ್ಲ" ಎನ್ನುವರು. ಅಜ್ಜಿ ಬೈದ ಹಾಗೆ ಮಾಡಿ, ಇನ್ನೆರಡು ಮೀನು ಕೆಂಡಕ್ಕೆ ದೂಡುವರು. ನನಗೆ ಏಳು ವರ್ಷವಾಗಿದ್ದಾಗ ಹೋದ ಮಾವ ಮತ್ತೆ ಬರಲಿಲ್ಲ. ಅದೇ ಹಡಗಿನಲ್ಲಿದ್ದ ಪಡುಬಿದ್ರಿಯವರೊಬ್ಬರು ಬಂದು ಹೇಳಿದ್ದು ಇಷ್ಟೇ: ಪೇಟೆ ನೋಡಿ ಬರುತ್ತೇನೆಂದು ಇಳಿದರು, ಹಡಗು ಬಿಡುವ ಹೊತ್ತಿಗೂ ಬರಲಿಲ್ಲ, ಹುಡುಕಿದರೂ ಸಿಗಲಿಲ್ಲ.

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ನಮ್ಮ ಕಡೆ ತೀರಿಹೋದವರಿಗೆ ಬಡಿಸುವ ಕ್ರಮವುಂಟು. ಒಳಕೋಣೆಯಲ್ಲಿ ಒಬ್ಬೊಬ್ಬರ ಹೆಸರಿಗೂ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದು, ಹೊರಗೆ ಸದ್ದು ಮಾಡದೆ ಕೂರುವುದು. ಅವರು ಬಂದು ಉಣ್ಣುತ್ತಾರೆ. ಮಾವ ಕಾಣೆಯಾದ ಮೇಲೆ ಬಂದ ಆಟಿಯಲ್ಲಿ ಅವರ ಎಲೆಯನ್ನು ಮಾತ್ರ ಅಜ್ಜಿ ಒಳಗೆ ಹಾಕಲು ಬಿಡಲಿಲ್ಲ. ಚಾವಡಿಯಲ್ಲಿ, ಆಮೇಲೆ ಉಣ್ಣಲು ಕೂರುವ ನಮ್ಮ ಸಾಲಿನಲ್ಲಿ, ನನ್ನ ಪಕ್ಕ ಹಾಕಿದರು. "ಇದ್ದವನಿಗೆ ಒಳಗೆ ಬಡಿಸಿದರೆ ಅವನ ಆಯುಷ್ಯ ಕಡಿಮೆ ಆಗ್ತದೆ" ಎಂದರು. ಮನೆಯ ಹಿರಿಯರಾದ ಅಜ್ಜಿಯ ಅಣ್ಣ ತಗ್ಗಿದ ದನಿಯಲ್ಲಿ, "ಹೋದವನಿಗೆ ಹೊರಗೆ ಬಡಿಸಿದರೆ ಅದು ಅವನಿಗೆ ಮುಟ್ಟುವುದಿಲ್ಲ ತಂಗಿ. ಹಸಿದೇ ಇರ್ತಾನೆ" ಎಂದರು. ಆ ದಿನ ಅಜ್ಜಿ ಉಣ್ಣಲಿಲ್ಲ, ಎಲೆಯನ್ನೂ ಕದಲಿಸಲಿಲ್ಲ. ಅಜ್ಜಿಯ ನಂತರ ಅಮ್ಮನೂ ಹಾಗೆಯೇ ನಡೆಸಿಕೊಂಡು ಬಂದಳು. ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಬಾರದೆ ಉಳಿದಿದ್ದರೆ ನಿಮಗೆ ಗೊತ್ತಿರುತ್ತದೆ, ಅಂಥವರಿಗಾಗಿ ಅಳುವುದಕ್ಕೂ ಹೆದರಿಕೆಯಾಗುತ್ತದೆ. ಆ ಮನೆ ಈಗಿಲ್ಲ, ಕಡಲ್ಕೊರೆತಕ್ಕೆ ಹೋಯಿತು. ಕಳೆದ ಬೇಸಗೆಯಲ್ಲಿ ಅಮ್ಮನೂ ಹೋದಳು. ಈ ಸಲ, ನಾವು ಲಿಸ್ಬನ್ನಿನಲ್ಲಿದ್ದ ಆ ದಿನವೇ, ಇನ್ನಂಜೆಯಲ್ಲಿ ಅಕ್ಕನ ಮನೆಯಲ್ಲಿ ಬಡಿಸುವುದೆಂದಾಗಿತ್ತು, ಅಮ್ಮನಿಗೆ ಮೊದಲ ಎಲೆ. ಮಾವನ ಎಲೆ ಒಳಗೋ ಹೊರಗೋ ಎಂಬುದನ್ನು ಅಕ್ಕ ನನ್ನ ಮೇಲೆ ಬಿಟ್ಟಿದ್ದಳು. "ಹೇಗೂ ಹೋಗ್ತೀಯಲ್ಲ, ಒಮ್ಮೆ ನೋಡಿ ಹೇಳು" ಎಂದಿದ್ದಳು, ಮಾವ ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಿರುವ ಹಾಗೆ.

ಓಣಿಯಲ್ಲಿ ಅರ್ಧ ಕತ್ತರಿಸಿದ ಡ್ರಮ್ಮಿಗೆ ಕೆಂಡ ತುಂಬಿ ಹೆಂಗಸೊಬ್ಬಳು ಮೀನು ಮಗುಚುತ್ತಿದ್ದಳು. ನಾವೂ ಎರಡು ತಟ್ಟೆ ಹೇಳಿ ಕೂತೆವು. ಎದುರಿನ ಗೋಡೆಗೊರಗಿ ನಮ್ಮವರಂಥದೇ ಮೈಬಣ್ಣದ ಒಬ್ಬ ಮುದುಕ ಕೂತಿದ್ದ. ನಾನು ಕೂತಲ್ಲಿಂದ ಎದ್ದೆ. ಹತ್ತಿರ ಹೋಗಿ ತುಳುವಿನಲ್ಲಿ, "ಈರೆನ ಊರು ಓಲು?" ಎಂದು ಊರು ಕೇಳಿಯೇಬಿಟ್ಟೆ. ಅವನು ಮುಖವೆತ್ತಿ ನಕ್ಕು ತನ್ನ ಭಾಷೆಯಲ್ಲಿ ಏನೋ ಹೇಳಿದ. ಮಾವ ಅಲ್ಲ. ಅಷ್ಟರಲ್ಲಿ ಆ ಹೆಂಗಸು ಏನೂ ಕೇಳದೆ ಅವನ ಮುಂದೆ ಒಂದು ತಟ್ಟೆ ಮೀನು ಇಟ್ಟು ಹೋದಳು, ದಿನಾ ಇಡುವವಳಂತೆ. ನಾನು ಬಂದು ನನ್ನ ತಟ್ಟೆಯ ಮುಂದೆ ಕೂತು, ಬೀದಿ ಎಂಬುದನ್ನೂ ನೋಡದೆ ಅತ್ತುಬಿಟ್ಟೆ. ಮಾವ ಬದುಕಿದ್ದರೆ ಈ ಊರಿನಲ್ಲಿ ಯಾರಾದರೂ ಹೀಗೆ ಒಂದು ತಟ್ಟೆ ಮುಂದಿಟ್ಟಾರು. ಸತ್ತಿದ್ದರೆ ಬಡಿಸುವವರು ಅಕ್ಕತಂಗಿಯರಾದ ನಮ್ಮಿಬ್ಬರನ್ನು ಬಿಟ್ಟರೆ ಯಾರಿದ್ದಾರೆ?

ಊರಿನಲ್ಲಿ ಆಗ ಸಂಜೆ. ಫೋನು ಮಾಡಿದೆ. ಅಕ್ಕನ ಹಿಂದೆ ಮಳೆ ಸುರಿಯುವುದು ಕೇಳುತ್ತಿತ್ತು.

"ಎಲ್ಲರದ್ದೂ ಹಾಕಿ ಆಯ್ತು. ಮಾವನ ಎಲೆ ಕೈಯಲ್ಲೇ ಉಂಟು. ಎಂತ ಮಾಡುವುದು?" ಎಂದಳು.

"ಒಳಗೆ ಹಾಕಕ್ಕ. ಅಮ್ಮನ ಪಕ್ಕ."

ಸೌಟು ಪಾತ್ರೆಗೆ ತಾಗುವ ಸದ್ದು ಕೇಳಿತು, ಬಡಿಸುತ್ತಿದ್ದಳು. ಆಮೇಲೆ, "ಬಾಗಿಲು ಎಳೀತೇನೆ" ಎಂದಳು.