ಪೆಟ್ರೋಲ್ ವಾಸನೆಗೆ ಸಾಂಬ್ರಾಣಿ

ಹೋದ ಗುರುವಾರ ಬೆಳಿಗ್ಗೆ ಮೆಕ್ಯಾನಿಕ್ ಮಸ್ತಾನ್ ನನ್ನ ಕೈಯಿಂದ ಸಾಂಬ್ರಾಣಿ ಚಟ್ಟಿ ಕಿತ್ತುಕೊಂಡು ನಡುಬೀದಿಗೆ ಎಸೆದುಬಿಟ್ಟ. ಕೆಂಡ ಸಮೇತ.

ಅದೂ ಎಂಥ ದಿನ? ಬಾಣಂತನ ಮುಗಿಸಿ ನಮ್ಮ ಮಗಳು ಪವಿತ್ರಾ ಐದು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟ ದಿನ. ರಾಯದುರ್ಗದ ನಮ್ಮ ಮನೆ ಮುಂದೆ ಕಾರು ನಿಂತಿದೆ. ತಾಯಿ ಮಗು ಹಿಂದಿನ ಸೀಟಲ್ಲಿ ಕೂತಾಗಿದೆ. ಮಡಕಶಿರಾದಲ್ಲಿ ಬೀಗರು ಹೋಳಿಗೆ ಮಾಡಿಕೊಂಡು ಕಾಯ್ತಿದ್ದಾರೆ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ. ದೃಷ್ಟಿ ತಾಗದಿರಲಿ ಅಂತ ನಾನು ಚಟ್ಟಿ ಹಿಡಿದು, ಹೊಗೆ ಹಾಕುತ್ತಾ ಕಾರಿನ ಸುತ್ತ ಎರಡು ಸುತ್ತು ಬಂದಿದ್ದೆ. ಮೂರನೇದು ಬಾಕಿ ಇತ್ತು. ಅಷ್ಟರಲ್ಲಿ ಈ ಮಹಾನುಭಾವ ಎಲ್ಲಿಂದಲೋ ಓಡಿ ಬಂದ.

ನೀವಾಗಿದ್ದರೆ ಸುಮ್ಮನಿರ್ತಿದ್ರಾ?

ನಾನೂ ಇರಲಿಲ್ಲ. ಸಿಟ್ಟು ಬಂದರೆ ನನಗೆ ತವರಿನ ಕನ್ನಡ ಬರುತ್ತೆ. (ನನ್ನ ತವರೂ ಮಡಕಶಿರಾ ಕಡೆಯದೇ.) "ಏನ್ಲಾ ನಿಂಗೆ ಬಂದಿರೋದು? ಮಗ್ಳು ಮನೆ ಬಿಡೋ ಹೊತ್ನಾಗೆ ಕೆಂಡ ಚೆಲ್ತೀಯಲ್ಲ, ಬುದ್ಧಿ ಐತಾ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ. ಐವತ್ತು ದಾಟಿದ ಗಂಡಸನ್ನು ಹಾಗೆಲ್ಲ ಕರೀಬಹುದಾ ಅಂತ ಕೇಳಬೇಡಿ. ಅವನು ನನ್ನ ಮೊದಲ ಬ್ಯಾಚಿನ ವಿದ್ಯಾರ್ಥಿ. ಕಿವಿ ಹಿಂಡಿದ ಕೈ ಇದು.

ಅವನು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು, "ಪವಿತ್ರಮ್ಮಾ, ಕೂಸಿನ್ನ ಎತ್ಕೊಂಡು ಇಳೀರಿ. ಜಲ್ದಿ ಇಳೀರಿ! ಎಲ್ಲಾರೂ ದೂರ ಹೋಗ್ರಿ!" ಅಂದ. ಅವಳು ಗಾಬರಿಯಾಗಿ ಇಳಿದು ಎದುರು ಮನೆ ಕಟ್ಟೆ ತನಕ ಓಡಿದಳು. ಆಮೇಲೆ ಮಸ್ತಾನ್ ನನ್ನ ಕಡೆ ತಿರುಗಿ, ಕಾರಿನ ಹಿಂದಿನ ಚಕ್ರದ ಹತ್ತಿರ ಬೆರಳು ತೋರಿಸಿದ.

"ನೆಲ ನೋಡ್ರಿ ಟೀಚರಮ್ಮ."

ನೆಲ ಒದ್ದೆ ಇತ್ತು. ಅದು ನನಗೂ ಗೊತ್ತಿತ್ತು. ಬೆಳಿಗ್ಗೆ ನಮ್ಮ ಯಜಮಾನರೇ ಕಾರು ತೊಳೆದಿದ್ದರು. ಆದರೆ ಆ ನೀರಿನ ಮೇಲೆ ನೀಲಿ, ಹಸಿರು, ಗುಲಾಬಿ ಬಣ್ಣ ತೇಲಾಡ್ತಿತ್ತು.

"ಅದು ಬರೀ ನೀರಲ್ರಿ. ಪೆಟ್ರೋಲು."

ನನ್ನ ಬಾಯಿ ಮುಚ್ಚಿತು. (ನಮ್ಮ ಮನೆಯವರಿಗೆ ಆ ದಿನದ ದೊಡ್ಡ ಆಶ್ಚರ್ಯ ಇದೇ ಅಂತೆ.)

ಈಗ ಆ ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕಂಪನಿ ಹೆಸರು ಬೇಡ. ಕಾರ್ಬುರೇಟರ್ ಇದ್ದ ಕಾಲದ ಪುಟ್ಟ ಕಾರು. ನಮ್ಮ ಯಜಮಾನರಿಗೆ ಅದು ಹೆಂಡತಿಗಿಂತ ಒಂದು ಕೈ ಮೇಲು. ಅದರ ಒಂದು ಸ್ಕ್ರೂ ಕೂಡ ಬದಲಾಯಿಸಬಾರದು. "ಎಲ್ಲಾ ಒರಿಜಿನಲ್ ಐತಿ" ಅಂತ ಹೇಳಿಕೊಳ್ಳುವಾಗ ಅವರ ಮುಖ ನೋಡಬೇಕು ನೀವು. ಹಲ್ಲು ಕಟ್ಟಿಸಿಕೊಂಡ ಮನುಷ್ಯ, ಕಾರು ಮಾತ್ರ ಒರಿಜಿನಲ್!

ಎರಡು ವರ್ಷದ ಹಿಂದೆಯೇ ಮಸ್ತಾನ್ ಹೇಳಿದ್ದ. "ಸಾರ್, ಈಗಿನ ಪೆಟ್ರೋಲ್‌ನಾಗ ಎಥನಾಲ್ ಕಲಸಿರ್ತದ. ಈ ಹಳೇ ಕಾಲದ ರಬ್ಬರ್ ಪೈಪು ಅದಕ್ಕ ತಡಿಯಂಗಿಲ್ಲ. ಎಥನಾಲ್ ತಡಿಯೋ ಪೈಪು ಬಂದಾವ. ಟ್ಯಾಂಕಿನಿಂದ ಎಂಜಿನ್ ತನಕ ಎಲ್ಲಾ ಬದಲು ಮಾಡಾಣು."

"ಕಂಪನಿ ಹಾಕಿದ ಪೈಪು ಯಾಕ ಬದಲು ಮಾಡ್ಲಿ?" ಅಂದಿದ್ದರು ಇವರು. ಅಲ್ಲಿಗೆ ಮಾತು ಮುಗೀತು.

ವಾಸನೆ ಶುರುವಾಗಿದ್ದು ಆಮೇಲೆ. ಮೊದಲು ಕಾರು ನಿಲ್ಲಿಸಿದಾಗ ಮಾತ್ರ. ಆಮೇಲೆ ಬಾಗಿಲು ತೆಗೆದಾಗೆಲ್ಲ. ಕೊನೆಕೊನೆಗೆ ನಮಗೆ ವಾಸನೆ ಬರೋದೇ ನಿಂತುಹೋಯ್ತು. ವಾಸನೆ ಎಲ್ಲೂ ಹೋಗಿರಲಿಲ್ಲ, ನಮ್ಮ ಮೂಗು ಒಗ್ಗಿಕೊಂಡಿತ್ತು. ಯಾರಾದರೂ ಹೊಸಬರು ಹತ್ತಿ ಮೂಗು ಮುಚ್ಚಿಕೊಂಡರೆ, "ಹಳೇ ಕಾರು ಅಲ್ವಾ, ಇರುತ್ತೆ" ಅಂತಿದ್ದೆ. ಅಷ್ಟಕ್ಕೇ ಸುಮ್ಮನಿದ್ದೆನಾ? ಪ್ರತಿ ಶುಕ್ರವಾರ ದೇವರ ಮನೆ, ನಡುಮನೆ, ಬಾಣಂತಿ ಕೋಣೆ ಎಲ್ಲ ಸಾಂಬ್ರಾಣಿ ಹಾಕಿ ಆದ ಮೇಲೆ ಚಟ್ಟಿ ಹಿಡ್ಕೊಂಡು ಕಾರಿಗೂ ಹೋಗ್ತಿದ್ದೆ. ವಾಸನೆ ಹೋಗಲಿ ಅಂತ! ಕೆಂಡದ ಚಟ್ಟಿ, ಪೆಟ್ರೋಲ್ ವಾಸನೆ ಬರೋ ಕಾರಿನೊಳಗೆ, ಈ ಕೈಯಾರೆ. ಎಷ್ಟು ಶುಕ್ರವಾರ ಅಂತ ಎಣಿಸೋಕೆ ಈಗಲೂ ಧೈರ್ಯ ಇಲ್ಲ.

ಇನ್ನೊಂದು ಸಂಗತಿ. ಕೂಸಿಗೆ ಆ ಕಾರು ಅಂದರೆ ಆಗ್ತಿರಲಿಲ್ಲ. ಇಂಜೆಕ್ಷನ್ ಹಾಕಿಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋದರೆ, ಸೂಜಿ ಚುಚ್ಚುವಾಗ ಅಳದ ಮಗು ಕಾರು ಹತ್ತಿದ ಕೂಡಲೇ ಕಿರುಚಾಡ್ತಿತ್ತು. ಇಳಿಸಿದರೆ ಸುಮ್ಮನಾಗ್ತಿತ್ತು. "ಯಾರದೋ ಕಣ್ಣು ತಾಗಿದೆ" ಅಂದೆ ನಾನು. ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಸಾಂಬ್ರಾಣಿ ಇನ್ನೊಂದು ಹಿಡಿ ಜಾಸ್ತಿ ಮಾಡಿದೆ.

ಮತ್ತೆ ಗುರುವಾರಕ್ಕೆ ಬರೋಣ.

ಮಸ್ತಾನ್ ಬಂದಿದ್ದು ದೂರದ ಪ್ರಯಾಣಕ್ಕೆ ಬ್ರೇಕು ಚಕ್ರ ಒಮ್ಮೆ ನೋಡೋಕೆ. ಅವನೂ ಇನ್ನಿಬ್ಬರೂ ಸೇರಿ ಕಾರನ್ನು ತಳ್ಳಿ ದೂರ ನಿಲ್ಲಿಸಿದರು. ಬೀದಿಯ ಕೆಂಡಕ್ಕೆಲ್ಲ ನೀರು ಸುರಿದರು. ಅವನು ಅಂಗಾತ ಮಲಗಿ ಕಾರಿನ ಕೆಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಒಂದು ನೀಲಿ ಚಿಂದಿ. ಹಿಂಡಿದರೆ ತೊಟ್ಟಿಕ್ಕುವಷ್ಟು ನೆನೆದಿತ್ತು.

ನಮ್ಮ ರಾಯದುರ್ಗ ಜೀನ್ಸ್ ಹೊಲಿಯೋ ಊರು. ಮನೆಮನೆಯಲ್ಲೂ ಜೀನ್ಸ್ ಚಿಂದಿ. ನಲ್ಲಿ ಸೋರಿದರೆ ಜೀನ್ಸ್ ಚಿಂದಿ, ಸೈಕಲ್ ಸೀಟು ಹರಿದರೆ ಜೀನ್ಸ್ ಚಿಂದಿ. ನಮ್ಮ ಯಜಮಾನರು ಟ್ಯಾಂಕಿನ ಹತ್ತಿರ ಪೈಪು ಒಸರೋದು ನೋಡಿ, ಯಾರಿಗೂ ಹೇಳದೆ, ಅಲ್ಲೂ ಒಂದು ಜೀನ್ಸ್ ಚಿಂದಿ ಸುತ್ತಿ ಕಟ್ಟಿದ್ದರು! ಒರಿಜಿನಲ್ ಪೈಪು ಉಳಿಸಿಕೊಳ್ಳೋಕೆ.

"ಸಾರ್, ಇದು ಕಟ್ಟಲ್ರಿ, ಬತ್ತಿ" ಅಂದ ಮಸ್ತಾನ್.

ಅಂದರೆ ಲೆಕ್ಕ ಸರಿಯಾಯ್ತು. ಬತ್ತಿ ಇಟ್ಟವರು ಅವರು, ಬೆಂಕಿ ತಂದವಳು ನಾನು. ಎಣ್ಣೆಯೂ ಕಡಿಮೆ ಇರಲಿಲ್ಲ. ನಮ್ಮ ಗಡಿಯವರಿಗೆ ಒಂದು ಚಟ ಇದೆಯಲ್ಲ, ಕರ್ನಾಟಕದ ಕಡೆ ಪೆಟ್ರೋಲ್ ಅಗ್ಗ ಅಂತ ಆ ಕಡೆ ಕಾಲಿಟ್ಟಾಗೆಲ್ಲ ಟ್ಯಾಂಕಿನ ಮೂತಿ ತನಕ ತುಂಬಿಸಿಕೊಂಡು ಬರೋದು? ಹಿಂದಿನ ಸಂಜೆ ಇವರು ಮೊಳಕಾಲ್ಮೂರು ಕಡೆ ಹೋಗಿ, ಬಂಕಿನವನು ಸಾಕು ಅಂದರೂ ಕಾರು ಅಲ್ಲಾಡಿಸಿ ಅಲ್ಲಾಡಿಸಿ ತುಂಬಿಸಿದ್ದರು.

ಮಸ್ತಾನ್ ಆ ಪೈಪು ಬಿಚ್ಚಿ ಸ್ವಲ್ಪ ಬಗ್ಗಿಸಿದ. ಚಕ್ಕುಲಿ ಮುರಿದ ಹಾಗೆ ಮುರೀತು.

"ದಹನಕ್ಕ ಏನೇನು ಬೇಕು ಅಂತ ಏಳನೇ ಕ್ಲಾಸಿನಾಗ ನೀವೇ ಹೇಳಿಕೊಟ್ಟಿದ್ರಿ ಟೀಚರಮ್ಮ. ಇಂಧನ, ಗಾಳಿ, ಶಾಖ. ನಾ ಮರ್ತಿಲ್ರಿ."

ಅವನು ಚುಚ್ಚಿ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. ನಾನು ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ. ಯಜಮಾನರು ಮೊಮ್ಮಗಳನ್ನು ಎತ್ತಿಕೊಂಡು, ಅವಳ ತಲೆ ಮೂಸುತ್ತಾ ನಿಂತಿದ್ದರು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಮದುವೆ ದಿನ ಬಿಟ್ಟರೆ ಅವತ್ತೇ. (ಮಗಳ ಮದುವೆ. ನಮ್ಮದರಲ್ಲಿ ನಗ್ತಾನೇ ಇದ್ದರು.)

"ಮಸ್ತಾನ್, ಒರಿಜಿನಲ್ ಗಿರಿಜಿನಲ್ ಏನೂ ಬ್ಯಾಡಪ್ಪ" ಅಂದರು ಕೊನೆಗೆ. "ಗಟ್ಟಿ ಇರೋದು ಹಾಕು."

ಬೀಗಿತ್ತಿ ಗಂಗಮ್ಮನವರಿಗೆ ಫೋನ್ ಮಾಡಬೇಕಲ್ಲ, ಅದು ಇನ್ನೊಂದು ಕಷ್ಟ. ಪೈಪ್ ಪ್ರಾಬ್ಲಮ್ ಅಂತ ಅರ್ಧ ನಿಜ ಹೇಳಿದೆ. "ಅಯ್ಯೋ, ಬಾಡಿಗೆ ಕಾರ್ನಾಗೆ ಬನ್ನಿ, ಅದಕ್ಕೇನಂತೆ?" ಅಂದರು. ಕೂಸು ಹತ್ತಿ ಇಳಿದಾಗಿದೆ, ಅದೇ ದಿನ ಮತ್ತೆ ಹೊರಡಿಸಬಾರದು ಅಂದೆ. ಶುಕ್ರವಾರ ಹೆಣ್ಣುಮಗಳನ್ನು ಕಳಿಸಲ್ಲ ಅಂದೆ. ಶನಿವಾರ ಬೇಡವೇ ಬೇಡ ಅಂದೆ. ಶಾಸ್ತ್ರ ಇಷ್ಟು ಉಪಯೋಗಕ್ಕೆ ಬಂದಿದ್ದು ನನ್ನ ಜೀವನದಲ್ಲಿ ಅದೇ ಮೊದಲು. "ಹಂಗಾದ್ರೆ ಈ ಹೋಳ್ಗೆ ಏನ್ ಮಾಡ್ಲಿ?" ಅಂತ ಕೇಳಿದರು. ಬೀದಿಗೆ ಹಂಚಿ, ಪುಣ್ಯ ಬರುತ್ತೆ ಅಂದೆ.

ಎರಡು ದಿನ ಕೆಲಸ ನಡೀತು. ಬಳ್ಳಾರಿಯಿಂದ ಹೊಸ ಪೈಪು ಬಂತು. ಕಾರಿನ ಹೊಟ್ಟೆ ಕೆಳಗೆ ಹೋಗುವ ಕಬ್ಬಿಣದ ಕೊಳವೆಗೂ ತುಕ್ಕು ಹಿಡಿದಿತ್ತು, ಅದೂ ಹೋಯ್ತು. ಹೊಸ ಕ್ಲಿಪ್ಪು, ಹೊಸ ಫಿಲ್ಟರ್. ಶನಿವಾರ ಸಂಜೆ ಮಸ್ತಾನ್ ಎಂಜಿನ್ ಓಡಿಸಿಟ್ಟು, ಬಿಳಿ ಬಟ್ಟೆಯಲ್ಲಿ ಒಂದೊಂದು ಜಾಯಿಂಟೂ ಒರೆಸಿ ಒರೆಸಿ ತೋರಿಸಿದ. ಬಟ್ಟೆ ಒಣಗೇ ಇತ್ತು. ಎಂಜಿನ್ ಆರಿಸಿ, ಅರ್ಧ ಗಂಟೆ ಬಿಟ್ಟು, "ಈಗ ಒಳಗ ಮೂಸಿ ನೋಡ್ರಿ" ಅಂದ.

ಹಿಂದಿನ ಸೀಟಿನ ತನಕ ತಲೆ ತೂರಿಸಿ ಮೂಸಿದೆ. ಹಳೇ ರೆಕ್ಸಿನ್ ವಾಸನೆ. ಮಗುವಿನ ಬಟ್ಟೆ ಚೀಲದ ಹಾಲಿನ ವಾಸನೆ. ಅಷ್ಟೇ. ಅಬ್ಬಾ! ಬದುಕಿದೆವಲ್ಲಪ್ಪಾ ಅನ್ನಿಸಿತು. ಬಾಯಲ್ಲೇ ಅಂದೆ ಕೂಡ.

ಹೊರಡುವಾಗ ಮಸ್ತಾನ್ ತನ್ನ ಚೀಲದಿಂದ ಪೇಪರ್ ಸುತ್ತಿದ ಏನನ್ನೋ ತೆಗೆದು ಕೊಟ್ಟ. ಹೊಸ ಮಣ್ಣಿನ ಚಟ್ಟಿ. "ಅವತ್ತು ನಿಮ್ದು ಒಡೆದೆನಲ್ರಿ. ನಮ್ಮ ಅಂಗಡ್ಯಾಗೂ ಲೋಬಾನ ಹಾಕ್ತೀವ್ರಿ, ಆದ್ರ ಪೆಟ್ರೋಲ್ ಡಬ್ಬಿ ಹೊರಗಿಟ್ಟು ಹಾಕ್ತೀವಿ."

"ನಾನು ಬೈದೆನಲ್ಲೋ, ಬೇಜಾರಾಯ್ತಾ?" ಅಂತ ಕೇಳಿದೆ.

"ನಿಮ್ಮ ಬೈಗುಳ ನನಗ ಹೊಸದೇನ್ರಿ?" ಅಂದು ನಕ್ಕ.

ಭಾನುವಾರ ಹೊರಟೆವು. ಕಲ್ಯಾಣದುರ್ಗ ಆಯ್ತು, ಗಡಿ ದಾಟಿ ಪಾವಗಡ ಬಂತು. ಕರ್ನಾಟಕದ ಪೆಟ್ರೋಲ್ ಬಂಕು ಕಂಡ ಕೂಡಲೇ ಸ್ಟೀರಿಂಗ್ ತಾನಾಗಿ ತಿರುಗಿತು. (ಮೂವತ್ತು ವರ್ಷದ ಅಭ್ಯಾಸ. ಒಂದು ಗುರುವಾರಕ್ಕೆ ಹೋಗುತ್ತಾ?) ಪವಿತ್ರಾ ಹಿಂದಿನಿಂದ, "ಅಪ್ಪಾ, ಮೂತಿ ತನಕ ಬ್ಯಾಡ" ಅಂದಳು. "ಗೊತ್ತೈತಿ ಬಿಡವ್ವ" ಅಂದರು ಇವರು. ಬಂಕಿನವನು ಕೈ ತೆಗೆದ ಕೂಡಲೇ ಮುಚ್ಚಳ ಹಾಕಿಸಿದರು. ಕಾರು ಅಲ್ಲಾಡಿಸಲಿಲ್ಲ.

ಮಡಕಶಿರಾದಲ್ಲಿ ಗಂಗಮ್ಮನವರು ಬಾಗಿಲಲ್ಲೇ ಕಾಯ್ತಿದ್ದರು. ಕಾರು ನಿಂತದ್ದೇ ಆರತಿ ತಟ್ಟೆ ಹಿಡ್ಕೊಂಡು ಬಂದರು. ತಟ್ಟೆಯಲ್ಲಿ ಕರ್ಪೂರ ಉರೀತಿದೆ. ನೇರ ಕಾರಿನ ಕಡೆಗೇ ಬರ್ತಿದ್ದಾರೆ.

"ಅಲ್ಲೇ ನಿಲ್ಲೀ!"

ಕೂಗಿದ್ದು ನಾನೇ. ಅದೇ ಮೈಕ್ ಬೇಡದ ದನಿ. ಅವರು ಬೆಚ್ಚಿ, ತಟ್ಟೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಮಗು ತಾಯಿಯನ್ನು ಇಳಿಸಿ, ಎಲ್ಲರನ್ನೂ ಬೇವಿನ ಮರದ ತನಕ ನಡೆಸಿಕೊಂಡು ಹೋಗಿ, "ಈಗ ಎತ್ತಿ ಆರತಿ" ಅಂದೆ.

"ಹೊಸ ಪೈಪು ಹಾಕ್ಸೀವಿ ಅಂದ್ರಲ್ಲಮ್ಮ, ಇನ್ನೂ ಯಾಕೆ ಹೆದ್ರಿಕೆ?" ಅಂದರು ಗಂಗಮ್ಮ. ಉಳಿದ ಅರ್ಧ ನಿಜವನ್ನು ಅಲ್ಲೇ ಮರದ ಕೆಳಗೆ ಹೇಳಿಬಿಟ್ಟೆ. ಚಟ್ಟಿ, ಚಿಂದಿ, ಎರಡು ಸುತ್ತು, ಎಲ್ಲ. ಅವರು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, "ಗಂಡಾಂತ್ರ ಕಳೀತು ಬಿಡ್ರಮ್ಮ" ಅಂದರು.

ಆಮೇಲೆ ಪವಿತ್ರಾ ಹೆಗಲ ಮೇಲಿನ ಕೂಸನ್ನು ಬಗ್ಗಿ ನೋಡಿದರು. ಬಾಯಿ ತೆರೆದು ನಿದ್ದೆ ಹೊಡೀತಿತ್ತು. ರಾಯದುರ್ಗದಿಂದ ಅಲ್ಲಿ ತನಕ ಒಂದು ಸಲವೂ ಅತ್ತಿರಲಿಲ್ಲ.

"ಕಾರು ಹತ್ತಿದ್ರೆ ರಂಪ ಮಾಡ್ತೈತೆ ಅಂತ ಫೋನ್ನಾಗೆ ಹೇಳ್ತಿದ್ರಿ, ಎಲ್ಲಿ? ದೃಷ್ಟಿ ಹೋಯ್ತಾ?"

ನಮ್ಮ ಮನೆಯಲ್ಲಿ ಮೂಗು ನೆಟ್ಟಗಿದ್ದವಳು ಈ ಮೊಮ್ಮಗಳೊಬ್ಬಳೇ. ಐದು ತಿಂಗಳಿಂದ ಗಂಟಲು ಹರ್ಕೊಂಡು ಹೇಳ್ತಾನೇ ಇದ್ದಳು, ನಾವು ಅವಳಿಗೇ ದೃಷ್ಟಿ ತೆಗೀತಾ ಇದ್ವಿ.