ಸದ್ದಿಲ್ಲದ ಅರ್ಬಿ

ನನ್ನ ಗಂಡ ಭಟ್ಕಳದವರು, ಮನೆಮಾತು ನವಾಯತಿ. ನಾವು ಉಡುಪಿ ಕಡೆಯ ಬ್ಯಾರಿಗಳು. ಹಾಗಾಗಿ ನನ್ನ ಉಮ್ಮ ವಿಸಿಟ್ ವೀಸಾದಲ್ಲಿ ಸೌದಿಯ ತಬೂಕಿನ ನಮ್ಮ ಮನೆಗೆ ಬಂದಾಗ ಅತ್ತೆ-ಅಳಿಯನ ಮಾತುಕತೆಯೆಲ್ಲ ಕನ್ನಡದಲ್ಲೇ. ಅತ್ತೆಯನ್ನು ಮೆಚ್ಚಿಸಲು ಇವರು ನಮ್ಮ ಊರಿನ ಒಂದೊಂದೇ ಪದ ಕಲಿಯುತ್ತಿದ್ದರು. ಜಲಪಾತಕ್ಕೆ ನಮ್ಮಲ್ಲಿ ಅರ್ಬಿ ಅನ್ನುತ್ತೇವೆಂದು ಹೇಳಿಕೊಟ್ಟವಳು ನಾನೇ.

ಆ ಚಳಿಗಾಲ ಜಬಲ್ ಅಲ್ ಲೌಜ್ ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಹತ್ತಿರದ ಕಣಿವೆಯಲ್ಲಿ ಬಂಡೆಯಿಂದ ಇಳಿಯುವ ನೀರು ಇಳಿಯುತ್ತಲೇ ಹೆಪ್ಪುಗಟ್ಟಿದೆಯಂತೆ ಎಂಬ ಸುದ್ದಿಯನ್ನು ಇವರು ಆಫೀಸಿನಿಂದ ತಂದರು.

"ಮಾಮಿ, ನಾಳೆ ಬೆಳಿಗ್ಗೆ ಅರ್ಬಿ ನೋಡ್ಲಿಕ್ಕೆ ಹೋಗುವ," ಎಂದರು.

ಬೆಳಿಗ್ಗೆ ನೋಡಿದರೆ ಉಮ್ಮ ಇಸ್ತ್ರಿ ಮಾಡಿದ ಅಬಾಯಾ ತೊಟ್ಟು, ಊರಿಂದ ತಂದ ಹಲ್ವದ ಪೊಟ್ಟಣ ಹಿಡಿದು ಕೂತಿದ್ದಾಳೆ. ಅಳಿಯ ತನಗೆ ಕೆಲಸ ಕೊಟ್ಟ ಅರಬಿ ಕಫೀಲನ ಮನೆಗೆ ಕರೆದೊಯ್ಯುತ್ತಾನೆಂದು ತಿಳಿದಿದ್ದಳು.

"ಅರಬಿಯ ಮನೆಗೆ ಬರಿಗೈಯಲ್ಲಿ ಹೋಗುದಾ?" ಎಂದು ನನ್ನನ್ನೇ ಕೇಳಿದಳು.

ಇವರು ನಕ್ಕು ನಕ್ಕು ಸುಸ್ತಾದರು. ನನಗೆ ಮಾತ್ರ ರೇಗಿತು. ಬಂದಾಗಿನಿಂದ ಇದೇ ಕಥೆ, ಒಂದು ಹೇಳಿದರೆ ಇನ್ನೊಂದು ಮಾಡುವುದು.

"ನಿನ್ನ ಗಮನ ಎಲ್ಲಿರ್ತದೆ ಉಮ್ಮ? ಅರಬಿ ಅಲ್ಲ, ನೀರು ಬೀಳುವ ಅರ್ಬಿ," ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ತಲೆಯಾಡಿಸಿದಳು. ಹಲ್ವವನ್ನು ಕಾರಿನಲ್ಲಿ ನಾವೇ ತಿಂದು ಮುಗಿಸಿದೆವು.

ಕಣಿವೆ ತಲುಪಿದಾಗ ಬಿಸಿಲು ಆಗಷ್ಟೇ ಬಂಡೆಗೆ ತಾಗುತ್ತಿತ್ತು. ಕೆಂಪು ಕಲ್ಲಿನ ನಡುವೆ, ಎರಡಾಳು ಎತ್ತರದಿಂದ, ನೀರು ಬೀಳುವ ಭಂಗಿಯಲ್ಲೇ ನಿಂತುಬಿಟ್ಟಿತ್ತು. ತಂತಿಯ ಮೇಲೆ ಒಣಹಾಕಿದ ನಮಾಜಿನ ಬಿಳಿ ಬಟ್ಟೆಯ ಹಾಗೆ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಬೆಳಕು ಒಳಹೊಕ್ಕಂತೆ ಮಡಿಕೆಗಳ ಆಳದಲ್ಲಿ ತಿಳಿನೀಲಿ ಮೂಡಿತು, ಆಮೇಲೆ ತುಸು ಹಸಿರು, ಆಮೇಲೆ ಹೆಸರಿಡಲಾಗದ ಇನ್ನೊಂದು ಬಣ್ಣ. ತುದಿಯಲ್ಲಿ ಹನಿಗಳು ಬೀಳಲು ಹೊರಟು ಮನಸ್ಸು ಬದಲಿಸಿ ಅಲ್ಲೇ ಉಳಿದಿದ್ದವು. ಗಾಳಿಯೂ ಇರಲಿಲ್ಲ. ಎಚ್ಚರದಲ್ಲೇ ಕನಸು ಬಿದ್ದ ಹಾಗೆ ಮೂವರೂ ನೋಡುತ್ತ ನಿಂತೆವು. ನನ್ನ ಸಿಟ್ಟು ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ. ಜೀವನದಲ್ಲಿ ಅಷ್ಟು ಸುಮ್ಮನೆ ನಾನು ಎಂದೂ ಇದ್ದವಳಲ್ಲ.

ಆಗ ಉಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಮುಖ ಬಿಳಿಚಿಕೊಂಡಿತ್ತು.

"ಇಷ್ಟು ದೊಡ್ಡ ಅರ್ಬಿ ಬೀಳ್ತಾ ಉಂಟು, ನನಗೆ ಸದ್ದೇ ಕೇಳುದಿಲ್ಲ," ಎಂದಳು. "ನನ್ನ ಕಿವಿ ಪೂರ್ತಿ ಹೋಯ್ತಾ?"

ಅವಳು ಅರ್ಬಿಯ ಪಕ್ಕದಲ್ಲೇ ಬೆಳೆದವಳು. ಮಳೆಗಾಲದಲ್ಲಿ ಅದರ ಸದ್ದಿಗೆ ಮನೆಯವರೆಲ್ಲ ಕೂಗಿಯೇ ಮಾತಾಡುತ್ತಿದ್ದರಂತೆ. ನೀರು ಹೆಪ್ಪುಗಟ್ಟಿದೆಯೆಂದು ಇವರು ಹೇಳಿದ್ದು ಅವಳಿಗೆ ತಲುಪಿರಲೇ ಇಲ್ಲ.

"ಅದು ಐಸ್ ಉಮ್ಮ. ಸದ್ದೇ ಇಲ್ಲ. ನಮಗೂ ಕೇಳುದಿಲ್ಲ," ಎಂದೆ ಅವಳ ಕಿವಿಗೆ ಬಾಯಿಟ್ಟು.

ಅವಳಿಗೆ ನಂಬಿಕೆ ಬರಲಿಲ್ಲ. ಅಳಿಯನ ಕಡೆ ನೋಡಿದಳು. ಇವರು ಎರಡೂ ಕಿವಿ ಮುಟ್ಟಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಉಮ್ಮ ಉಸಿರು ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತಳು. ನಾನು ಅವಳ ಎಡಕ್ಕೆ ಕೂತೆ.

"ಕಿವಿ ಸರಿ ಇಲ್ಲ ಅಂತ ಹೇಳಬಾರದಿತ್ತಾ?" ಎಂದು ದನಿ ಏರಿಸಿ ಕೇಳಿದೆ.

"ಎಡದ್ದು ಕೇಳುದೇ ಇಲ್ಲ ಅಂತ ಫೋನಲ್ಲಿ ಎರಡು ಸಲ ಹೇಳಿದ್ದೆ," ಎಂದಳು ಉಮ್ಮ, ದೂರಿನ ದನಿಯಲ್ಲೇನೂ ಅಲ್ಲ. "ನೀನು ಹ್ಞಾಂ ಹ್ಞಾಂ ಅಂದು ವೀಸಾದ ಕಾಗದ ಕೇಳಿದಿ."

ನಾನು ಎದ್ದು ಅವಳ ಬಲಗಡೆಗೆ ಹೋಗಿ ಕೂತೆ.