ನಾನಿಲ್ಲದಾಗ ತುಂಬಿದ ಸಭೆ

ಕ್ರಿಸ್ತನಲ್ಲಿ ಪ್ರಿಯರೇ, ೧೯೫೮ರ ಮಳೆಗಾಲದಲ್ಲಿ ನನಗೆ ವಿಷಮಶೀತ ಜ್ವರ ಬಂತು. ಆಗ ನಾನು ಹಾನಗಲ್ ತಾಲೂಕಿನ ತಿಳವಳ್ಳಿಯಲ್ಲಿ ಸುವಾರ್ತಿಕನಾಗಿದ್ದೆ; ಸಭೆಯವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಕೆಲವೇ ಮನೆಗಳ ಸಣ್ಣ ಸಭೆ. ಹಾಡು ಎತ್ತುವವನು ನಾನು, ಸತ್ಯವೇದ ಓದುವವನು ನಾನು, ಪ್ರಾರ್ಥಿಸುವವನೂ ನಾನೇ. ಜ್ವರಕ್ಕೆ ಮುಂಚಿನ ಬೇಸಿಗೆಯಲ್ಲೇ ಹಿರೇಕೆರೂರು ಕಡೆಯ ಒಂದು ಹಳ್ಳಿಯಿಂದ ಯೋಸೇಫಪ್ಪ ಎಂಬ ಹಿರಿಯರು ಬಂದಿದ್ದರು.

"ನಮ್ಮಲ್ಲಿ ಹೊಸಬರು ಕೂಡಾಕತ್ತಾರ್ರಿ. ಕಲಿಸಾಕ ಯಾರೂ ಇಲ್ಲ, ನೀವು ಬರ್ರಿ" ಎಂದು ಕೇಳಿಕೊಂಡರು.

"ಇಲ್ಲಿಯವರು ನಂಬಿಕ್ಯಾಗ ಇನ್ನೂ ಎಳೇರು. ನಾ ಬಿಟ್ಟು ಹೋದ್ರ ಚದುರಿ ಹೋಗ್ತಾರ" ಎಂದು ಅವರನ್ನು ಬರಿಗೈಯಲ್ಲಿ ಕಳಿಸಿದೆ. ನಾನು ಹಾಗೆಯೇ ನಂಬಿದ್ದೆ.

ಜ್ವರ ಇಳಿಯದೆ ಎಚ್ಚರ ತಪ್ಪಿದಾಗ ಸಭೆಯವರು ನನ್ನನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹಾನಗಲ್ಲಿನ ಆಸ್ಪತ್ರೆಗೆ ಒಯ್ದರು. ಬದುಕುವ ಭರವಸೆ ಇಲ್ಲವೆಂದು ಡಾಕ್ಟರು ನನ್ನ ಹೆಂಡತಿ ಸುಗುಣಳಿಗೆ ಹೇಳಿದ್ದರಂತೆ. ನನಗೆ ಸಾವಿಗಿಂತ ಸಭೆಯದೇ ಚಿಂತೆ. ಪ್ರಜ್ಞೆ ಬಂದಾಗಲೆಲ್ಲ, "ಕರ್ತನೇ, ನಾನಿಲ್ಲದಾಗ ನಿನ್ನ ಮಂದೆ ಚದುರದಿರಲಿ" ಎಂದು ಅಳುತ್ತಿದ್ದೆ.

ಒಮ್ಮೆ ಸುಗುಣ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತ, "ನೀವಿಲ್ಲಂದ್ರ ಅಲ್ಲಿ ದೇವರೂ ಇಲ್ಲೇನ್ರಿ?" ಎಂದಳು. ನಾನು ಸಿಟ್ಟಿನಿಂದ ಗೋಡೆಯ ಕಡೆ ತಿರುಗಿ ಮಲಗಿದೆ.

ಕರ್ತನ ಕೃಪೆಯಿಂದ ಜ್ವರ ಬಿಟ್ಟಿತು. ಗದ್ದೆಗಳಲ್ಲಿ ಭತ್ತ ತೆನೆಗಟ್ಟುವ ಹೊತ್ತಿಗೆ, ಒಂದು ಭಾನುವಾರ, ಯಾರಿಗೂ ತಿಳಿಸದೆ ಇಬ್ಬರೂ ತಿಳವಳ್ಳಿಗೆ ಬಂದಿಳಿದೆವು. ಪ್ರಾರ್ಥನೆಯ ಮನೆಗೆ ಬೀಗ ಬಿದ್ದಿರುತ್ತದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬಾಗಿಲು ತೆರೆದೇ ಇತ್ತು. ಕೂರಲು ಜಾಗ ಸಾಲದೆ ಗಂಡಸರು ಹೊಸ್ತಿಲವರೆಗೆ ಕೂತಿದ್ದರು. ನಾಟಿ ಕೆಲಸಕ್ಕೆ ಹೋಗುವ ಯಲ್ಲವ್ವ ನಿಂತು ಪ್ರಾರ್ಥಿಸುತ್ತಿದ್ದಳು. ನನ್ನ ಕಾಲದಲ್ಲಿ ಒಮ್ಮೆಯೂ ಬಾಯಿ ಬಿಡದ ಹೆಣ್ಣುಮಗಳು. ನಾನೆಷ್ಟು ಕರೆದರೂ ಬಾರದಿದ್ದ ಆಕೆಯ ಗಂಡನೂ ಅಲ್ಲಿ ತಲೆಬಾಗಿ ಕೂತಿದ್ದ.

ಪ್ರಿಯರೇ, ನಾನು ಬೇಡಿದ್ದೆಲ್ಲ ಕಣ್ಣೆದುರಿಗಿತ್ತು. ಆದರೆ ನನ್ನ ಎದೆಯಲ್ಲಿ ಎದ್ದದ್ದು ಸ್ತೋತ್ರವಲ್ಲ, ಹೊಟ್ಟೆಕಿಚ್ಚು. ಒಬ್ಬನಾದರೂ ಚದುರಿದ್ದರೆ ನನಗೆ ಸಮಾಧಾನವಾಗುತ್ತಿತ್ತು! ಅದು ಅರಿವಾದ ಕೂಡಲೇ ಮುಖ ಸುಟ್ಟಂತಾಯಿತು. ಒಳಗೆ ಹೋಗಲಾರದೆ ಹಿತ್ತಿಲಿಗೆ ಹೋಗಿ ಅಳುತ್ತ ಕುಕ್ಕರಿಸಿದೆ.

ಪ್ರಾರ್ಥನೆ ಮುಗಿದ ಮೇಲೆ, ನಾವು ಬಂದದ್ದನ್ನು ಸುಗುಣಳಿಂದ ತಿಳಿದು, ಯಲ್ಲವ್ವ ಹುಡುಕಿಕೊಂಡು ಬಂದಳು. "ಯಪ್ಪಾ, ಮಾಸ್ತರ! ದಿನಾ ನಿಮ್ಮ ಜೀವಕ್ಕ ಬೇಡ್ಕೊಂಡೇವ್ರಿ. ಬರ್ರಿ ಒಳಗ. ಯಾಕ ಅಳಾಕತ್ತೀರಿ?"

"ನಿಮಗ ನಾ ಇನ್ನ ಬೇಕಾಗಿಲ್ಲವ್ವ" ಎಂದೆ. ಎಂಥ ಮಾತು!

ಆಕೆ ನನ್ನೆದುರಿಗೇ ಕೂತಳು. "ಬ್ಯಾಡಾಗಿಲ್ರಿ. ನೀವಿದ್ರ ನೀವೇ ಮಾತಾಡ್ತೀರಿ ಅಂತ ನಾವು ಸುಮ್ಮನಿರ್ತಿದ್ವಿ. ನೀವಿಲ್ದಾಗ ನಾವೇ ಕರೀಬೇಕಾತು, ದೇವರು ಕೇಳ್ದ. ಹಿರೇಕೆರೂರಿನವರು ಮತ್ತ ಬಂದಿದ್ರು, ಮಾಸ್ತರ. ಅವರಿಗೆ ಯಾರೂ ಇಲ್ಲಂತ. ಹೋಗಿ ಬರ್ರಿ. ನಮ್ಮದೇನ ಚಿಂತಿ ಮಾಡಬ್ಯಾಡ್ರಿ."

ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ಹಾನಗಲ್ಲಿನ ಹಾಸಿಗೆಯಲ್ಲಿ ಬೇಡಿದ್ದಕ್ಕೆ ಉತ್ತರ ಬಂದಿತ್ತು. ಅದರಲ್ಲಿ ನನಗೆ ಜಾಗವಿರಲಿಲ್ಲ, ಅಷ್ಟೇ.

ಮೈಯಲ್ಲಿ ಶಕ್ತಿ ಬಂದ ಮೇಲೆ ನಾನೂ ಸುಗುಣಳೂ ಹಿರೇಕೆರೂರಿನ ಬಸ್ಸು ಹತ್ತಿದೆವು. ಯೋಸೇಫಪ್ಪನವರ ಹಳ್ಳಿಯ ಮೊದಲ ಕೂಟದಲ್ಲಿ, ಹೊಸದಾಗಿ ನಂಬಿದ ಒಬ್ಬ ಮುದುಕಿಯನ್ನು ಪ್ರಾರ್ಥಿಸಲು ಕೇಳಿದೆ. ಆಕೆ ಎದ್ದು ನಿಂತು ಎರಡು ಮಾತಾಡಿ ತಡವರಿಸಿ ನಿಂತಳು. ಎಲ್ಲರೂ ಕಾದರು. ಮುಂದಿನ ಮಾತು ಎತ್ತಿಕೊಟ್ಟುಬಿಡಲು ನನ್ನ ನಾಲಿಗೆ ತುಡಿಯುತ್ತಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ.

ಕೊನೆಗೆ ಆಕೆಯೇ, "ಸ್ವಾಮಿ, ಮುಂದಿಂದು ನಿನಗ ಗೊತ್ತೈತಿ" ಎಂದಳು.

ಅಷ್ಟು ವರ್ಷ ಪ್ರಾರ್ಥನೆ ಕಲಿಸಿದ ನಾನು ಅಂದು ಮನಸಾರೆ ಆಮೆನ್ ಎಂದೆ. ಕರ್ತನಿಗೆ ಸ್ತೋತ್ರ.